ಹೊಗೆಯಿಲ್ಲದ ಕೆಂಡ

ಆ ಒಲೆಯ ಮುಚ್ಚಳ ಮುಚ್ಚಿಕೊಳ್ಳುವ ಸದ್ದು ನನಗೆ ಮೊದಲ ದಿನವೇ ಸೇರಲಿಲ್ಲ. ದಪ್ಪ ಪಿಂಗಾಣಿಯ ಮೇಲೆ ದಪ್ಪ ಪಿಂಗಾಣಿ ಕೂತು 'ಧಪ್' ಎಂದು ಒಂದೇ ಸದ್ದು, ಆಮೇಲೆ ಏನೂ ಇಲ್ಲ. ನಮ್ಮ ಕಟ್ಟಿಗೆ ಒಲೆ ಹಾಗಲ್ಲ. ಅದು ಚಟಪಟ ಎನ್ನುತ್ತದೆ, ಹೊಗೆ ಕಾರುತ್ತದೆ, ಕಣ್ಣಿಗೆ ಮೂಗಿಗೆ ಬಂದು ತಾನಿದ್ದೇನೆಂದು ಹೇಳುತ್ತದೆ. ಇದು ಹೊಟ್ಟೆಯೊಳಗೆ ಅಷ್ಟು ಕೆಂಡ ಇಟ್ಟುಕೊಂಡು ಹೊರಗೆ ಏನೂ ಗೊತ್ತಿಲ್ಲದ ಹಾಗೆ ನಿಂತಿರುತ್ತಿತ್ತು. ಬಾಯಿ ಬಿಡದ ಮನುಷ್ಯರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಒಲೆಯಾದರೂ ಅಷ್ಟೆ.

ಅದನ್ನು ತಂದವನು ಅಳಿಯ. ಹಂಪಿಯ ಕಡೆ ಪ್ರವಾಸಿಗರು ಬಂದು ಇಳಿದುಕೊಳ್ಳುವ ಒಂದು ಜಾಗದಲ್ಲಿ ಅವನು ಅಡುಗೆಯ ಉಸ್ತುವಾರಿ ನೋಡುತ್ತಾನೆ. ಅಲ್ಲಿಗೆ ತರಿಸಿದ್ದರಲ್ಲಿ ಒಂದು ಹೆಚ್ಚಾಯಿತಂತೆ. ಮಗಳ ಸೀಮಂತದ ಕುಬಸ ಮುಗಿಸಿ ಚೊಚ್ಚಲ ಹೆರಿಗೆಗೆಂದು ಅವಳನ್ನು ಗಂಗಾವತಿಗೆ ಕರೆತಂದ ವಾರದಲ್ಲೇ ಅದನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದ. ಮಾವನ ಮನೆಗೆ ಬರುವ ಅಳಿಯ ಬಾಳೆಹಣ್ಣು, ಚುಡುವಾ ತರಬೇಕು. ಇವನು ತಂದದ್ದನ್ನು ಇಳಿಸಲು ಓಣಿಯ ಗಂಡಸರೆಲ್ಲ ಬರಬೇಕಾಯಿತು.

"ಇದೇನಪಾ, ನೀರಿನ ಹರವಿಗೆ ಕಾಲು ಹಚ್ಚಿ ತಂದೀಯಲ್ಲ!" ಎಂದರು ನನ್ನ ಅತ್ತೆ.

ನಿಜ, ಹಸಿರು ಬಣ್ಣದ ದೊಡ್ಡ ಹರವಿಯಂತೆಯೇ ಇತ್ತು. ಕೆಳಗೆ ಗಾಳಿ ಹೋಗಲು ಜಾರುವ ಒಂದು ಪುಟ್ಟ ಬಾಗಿಲು, ಮುಚ್ಚಳದ ನೆತ್ತಿಯ ಮೇಲೆ ಗಾಳಿ ಹೊರಬರಲು ತಿರುಗಿಸುವ ಒಂದು ಟೊಪ್ಪಿಗೆ. ಒಳಗೆ ಇದ್ದಿಲು, ಅದರ ಮೇಲೆ ಜಾಳಿಗೆ. ಅಳಿಯ ಎಲ್ಲ ವಿವರಿಸಿ ಕೊನೆಗೆ, "ಅತ್ತೀ, ಇದರಾಗ ಮಾಡಿದ ಕೋಳಿ ತಿಂದವರು ಸಾರಿನ ಕೋಳಿ ಮರೀತಾರ್ರಿ" ಎಂದ. ನನ್ನ ಸಾರಿನ ಕೋಳಿಯನ್ನು ಮರೆಯುವವರು ಯಾರು ನೋಡೇಬಿಡೋಣ ಎಂದು ನನಗೂ ಹಟ ಬಂತು. ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಯಲಬುರ್ಗಿಯ ಬೀಗರು ಬಂದಾಗ, ಮರುದಿನದ ಖಾರದೂಟಕ್ಕೆ ಇದೇ ಒಲೆಯ ಕೋಳಿ ಹಾಕುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟೆ. ಕೂಸಿನ್ನೂ ಹುಟ್ಟಿರಲಿಲ್ಲ.

ಹೀಗೆ ಆ ಚಳಿಗಾಲ ನಮ್ಮ ಮನೆಯಲ್ಲಿ ಎರಡು ಬೆಂಕಿಗಳಾದವು. ಹಿತ್ತಲಲ್ಲಿ ನನ್ನದು, ಬಾಣಂತಿ ಕೋಣೆಯಲ್ಲಿ ಅತ್ತೆಯದು. ನನ್ನದನ್ನು ಕಲಿಯಲು ನಾನು ಕಣ್ಣಿಟ್ಟು ಕೂತೆ. ಅವರದರ ಕಡೆ ಯಾರೂ ನೋಡಲಿಲ್ಲ. ನಮ್ಮ ಮನೆಯಲ್ಲಿ ಕಳೆದುಹೋಗಬಹುದಾದದ್ದೆಲ್ಲ ಆ ಕೋಣೆಯಲ್ಲೇ ಇತ್ತು.

ಮಾಂಸ ಮನೆಯೊಳಗೆ ಬೇಯಿಸುವ ಪದ್ಧತಿ ನಮ್ಮಲ್ಲಿಲ್ಲ. ಒಳಗೆ ಮನೆದೇವರಿದ್ದಾನೆ ಎಂದು ಅತ್ತೆ ಅದಕ್ಕೆ ಬೇರೆ ಗಡಿಗೆ, ಬೇರೆ ಸೌಟು ಇಟ್ಟಿದ್ದಾರೆ. ಅವೆಲ್ಲ ಹಿತ್ತಲ ಗೂಡಿನಲ್ಲೇ ಇರುತ್ತವೆ. ಹಾಗಾಗಿ ಹೊಸ ಒಲೆಯೂ ಹಿತ್ತಲಲ್ಲಿ, ಪೇರಲ ಗಿಡದ ಪಕ್ಕ, ತಗಡಿನ ಮಾಡಿನ ಕೆಳಗೆ ನೆಲೆಯಾಯಿತು. ಜಾಲಿ ಕಟ್ಟಿಗೆಯ ಇದ್ದಿಲು ಚೀಲದಲ್ಲಿ ಬಂತು.

ಮೊದಲ ಸಲ ಮುಚ್ಚಳ ತೆರೆದೇ ಇಟ್ಟು ಸುಟ್ಟೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಉರಿ ಎದ್ದು, ಕೋಳಿ ಹೊರಗೆ ಕರಕಾಗಿ ಒಳಗೆ ಎಲುಬಿನ ಹತ್ತಿರ ಹಸಿ ರಕ್ತ ಉಳಿಯಿತು. ನನ್ನ ಮನೆಯವರು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ದುಡಿದು ಹಸಿದು ಬಂದವರು. ತಟ್ಟೆ ನೋಡಿ, "ಇದನ್ನ ತಿನ್ನೂದೋ, ಮಣ್ಣ ಮಾಡೂದೋ?" ಎಂದು ಕೇಳಿದರು. ಆ ಮಾತಿಗೆ ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ.

ಮುಂದಿನ ಸಲ ಉರಿಯೇ ಏಳಬಾರದೆಂದು ಮುಚ್ಚಳ ಹಾಕಿ, ಕೆಳಗಿನ ಬಾಗಿಲನ್ನೂ ಮೇಲಿನ ಟೊಪ್ಪಿಗೆಯನ್ನೂ ಬಿಗಿಯಾಗಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗೆ, ಬೆಂಕಿ ಸತ್ತಿತು ಅಂದುಕೊಂಡೆ. ಕೆಂಡ ಇದೆಯೋ ಇಲ್ಲವೋ ನೋಡೋಣವೆಂದು ಮುಚ್ಚಳವನ್ನು ಒಮ್ಮೆಲೇ ಎತ್ತಿದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಮರುಕ್ಷಣವೇ ಬೆಂಕಿ ಎದ್ದು ನನ್ನ ಮುಖದ ತನಕ ಬಂದು ಹೋಯಿತು. ಹುಬ್ಬು ಸುಟ್ಟ ವಾಸನೆ. ನಾನು ಹಿಂದಕ್ಕೆ ಬಿದ್ದು ಕುಂಡಿ ಊರಿದ್ದರಿಂದ ಕಣ್ಣು ಉಳಿದವು. ಹೊಟ್ಟೆ ಹೊತ್ತ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. ಆಮೇಲೆ ಒಂದು ಹುಬ್ಬಿಲ್ಲದ ನನ್ನ ಮುಖ ನೋಡಿ ಅಳು ಬಂದು, "ಬ್ಯಾಡ ಬಿಡವಾ ಇದು, ವಾಪಸ್ ಕಳಸೂಣು" ಎಂದಳು.

ಆದರೆ ನನಗೆ ಅಂದು ಒಂದು ವಿಷಯ ಗೊತ್ತಾಗಿತ್ತು. ಗಾಳಿ ಕಟ್ಟಿದ ಕೂಡಲೇ ಬೆಂಕಿ ಸಾಯುವುದಿಲ್ಲ. ಕೈಗೆ ಸಿಕ್ಕ ಗಾಳಿಯನ್ನೆಲ್ಲ ತಿಂದು ಮುಗಿಸಿ, ಇನ್ನಷ್ಟಕ್ಕೆ ಬಾಯಿ ತೆರೆದು ಕಾಯುತ್ತದೆ. ಅಂದಿನಿಂದ ಮುಚ್ಚಳವನ್ನು ಮೊದಲು ಒಂದು ಬೆರಳಷ್ಟೇ ಎತ್ತಿ, ಸ್ವಲ್ಪ ತಡೆದು, ಆಮೇಲೆ ತೆರೆಯುವುದನ್ನು ಕಲಿತೆ. ಒಲೆಯ ಗುಟ್ಟೆಲ್ಲ ಇದ್ದಿಲಿನಲ್ಲಿಲ್ಲ, ಆ ಎರಡು ಕಿಂಡಿಗಳಲ್ಲಿದೆ ಎಂಬುದೂ ಅರ್ಥವಾಯಿತು.

ಅಷ್ಟರಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ತಲೆ ತುಂಬ ಕೂದಲು. ಅತ್ತೆ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತರು. ತಾವರಗೇರಾದ ಹಳೆಯ ಮನೆಯಲ್ಲಿ ತಮ್ಮ ಐದು ಮಕ್ಕಳನ್ನು, ಆಮೇಲೆ ನನ್ನ ಮಗಳನ್ನು ಎರೆದು ಕಾಯಿಸಿ ಬೆಳೆಸಿದ ಕೈ ಅವರದು. ಅವರ ಮಾತಿನ ಮೇಲೆ ಮಾತಿಲ್ಲ. ದಿನಾ ಬೆಳಿಗ್ಗೆ ತಾಯಿಗೂ ಕೂಸಿಗೂ ಎಣ್ಣೆ ಹಚ್ಚಿ, ಸುಡುಸುಡು ನೀರು ಹಾಕಿ, ಹೊರಸಿನ ಮೇಲೆ ಮಲಗಿಸಿ, ಹೊರಸಿನ ಕೆಳಗೆ ಕೆಂಡ ಇಟ್ಟು ಕಾಯಿಸಬೇಕು. ನುಲಿಯ ಹೊರಸು, ಸಂದಿನಿಂದ ಕಾವು ಮೇಲೇರಿ ಬೆನ್ನಿಗೆ ತಾಗುತ್ತದೆ. ಕಿವಿಗೆ ಹತ್ತಿ, ತಲೆಗೆ ಕುಂಚಿಗೆ, ಮೈ ತುಂಬ ಕೌದಿ. ಹನಿ ಗಾಳಿಯೂ ತಾಗಬಾರದು.

ಹಳೆಯ ಮನೆಯಲ್ಲಿ ಇದಕ್ಕೆ ಮಣ್ಣಿನ ಅಗ್ಗಿಷ್ಟಿಕೆ ಇತ್ತು. ಇಲ್ಲಿ ಮನೆ ಕಟ್ಟುವಾಗ ಗಾರೆಯವರು ಬಿಟ್ಟುಹೋದ ಕಬ್ಬಿಣದ ಪುಟ್ಟಿಯೊಂದು ಸಿಕ್ಕಿತು. ಮೊದಮೊದಲು ಅದರಲ್ಲಿ ಸಗಣಿ ಕುಳ್ಳು, ಬಚ್ಚಲ ಒಲೆಯ ಕಟ್ಟಿಗೆ ಕೆಂಡ ತುಂಬಿ ಒಯ್ಯುತ್ತಿದ್ದರು. ಹೊಗೆಯೋ ಹೊಗೆ. ಮಗಳು ಕೆಮ್ಮುವಳು, ಕೂಸು ಕಿರುಚುವುದು, ನಾನು ಬೈಯುತ್ತ ಹೋಗಿ ಕಿಟಕಿ ಸರಿಸುವುದು, ಅತ್ತೆ ನನ್ನನ್ನು ಬೈಯುತ್ತ ಬಂದು ಮುಚ್ಚುವುದು. ಗೋಡೆಗೆ ಬಳಿದ ಹೊಸ ಬಣ್ಣ ಕಪ್ಪಾಯಿತೆಂದು ನನ್ನ ಮನೆಯವರ ಗೊಣಗಾಟ ಬೇರೆ. ದಿನಾ ಒಂದು ರಾಮಾಯಣ.

ಒಂದು ದಿನ ಅತ್ತೆ ಹಿತ್ತಲಿಗೆ ಬಂದು ನನ್ನ ಒಲೆಯ ಮುಂದೆ ನಿಂತರು. ಇದ್ದಿಲು ಪೂರಾ ಹೊತ್ತಿ, ಮೇಲೆ ತೆಳ್ಳಗೆ ಬೂದಿ ಕಟ್ಟಿ, ನಿಗಿನಿಗಿ ಎನ್ನುತ್ತಿತ್ತು.

"ಹೊಗಿನ ಇಲ್ಲಲ್ಲವಾ ಇದಕ್ಕ!"

"ಇಲ್ರಿ ಅತ್ತಿ. ಛಲೋ ಹೊತ್ತಿದ ಮ್ಯಾಲ ಒಂಚೂರೂ ಹೊಗಿ ಇರಂಗಿಲ್ಲ."

"ಹಂಗಾದ್ರ ಇದ ಬೇಕಾಗಿತ್ತು ನನಗ. ಒಂದು ಪುಟ್ಟಿ ತುಂಬಿಕೊಡು."

ನಾನು ಚೆನ್ನಾಗಿ ಹೊತ್ತಿದ ದಪ್ಪ ಕೆಂಡಗಳನ್ನೇ ಆರಿಸಿ ಚಿಮಟಿಗೆಯಿಂದ ತುಂಬಿಕೊಟ್ಟೆ. ಅಂದಿನಿಂದ ಜಗಳ ನಿಂತಿತು. ಕೆಮ್ಮಿಲ್ಲ, ಕಣ್ಣುರಿಯಿಲ್ಲ, ಗೋಡೆ ಕಪ್ಪಾಗುವುದಿಲ್ಲ. ಕಿಟಕಿ ಸರಿಸುವ ಕಾರಣವೇ ಉಳಿಯಲಿಲ್ಲ. ನಮ್ಮದು ಹೊಸ ಸ್ಲ್ಯಾಬಿನ ಮನೆ. ಕಿಟಕಿಗೆ ಸರಿಯುವ ಗಾಜು, ಅಂಚಿಗೆ ರಬ್ಬರು. ಕಾಲುವೆಯ ಕಡೆಯ ಧೂಳು, ಸೊಳ್ಳೆ ಬರಬಾರದೆಂದು ನಾವೇ ಕೇಳಿ ಮಾಡಿಸಿದ್ದು. ಮುಚ್ಚಿದರೆ ಹೊರಗಿನ ಟ್ರ್ಯಾಕ್ಟರಿನ ಸದ್ದೂ ಒಳಗೆ ಬರದು. ಮನೆ ಶಾಂತವಾಯಿತೆಂದು ನಾನು ನೆಮ್ಮದಿಯಿಂದ ಕೋಳಿಯ ಕಡೆ ತಿರುಗಿದೆ.

ಕಲಿಯುವ ಹುಮ್ಮಸ್ಸಿನಲ್ಲಿ ಒಂದು ಬೇವಿನ ಕೊರಡನ್ನು ಕೆಂಡದ ಮೇಲೆ ಹಾಕಿ ಒಂದಿಡೀ ಕೋಳಿಯನ್ನು ಕಹಿ ಮಾಡಿದ್ದೂ ಆಯಿತು. ಬೆಕ್ಕು ಮೂಸಿ ನೋಡಿ ಹೋಯಿತು. ಆಮೇಲೆ ಪೇರಲ ಗಿಡದ ಒಣಟೊಂಗೆ ಕಡಿದು ಹಾಕಿ ನೋಡಿದೆ. ಅದರ ಘಮವೇ ಬೇರೆ, ತೆಳ್ಳಗೆ, ಸಿಹಿಗೆ. ಕೋಳಿಗೆ ಹಿಂದಿನ ಸಂಜೆಯೇ ಉಪ್ಪು, ಲಿಂಬೆ ತಿಕ್ಕಿಡಬೇಕು. ಬೆಳಿಗ್ಗೆ ಮೊಸರು, ಬೆಳ್ಳುಳ್ಳಿ, ಹಸಿಶುಂಠಿ, ಬ್ಯಾಡಗಿ ಖಾರ, ಹುರಿದು ಕುಟ್ಟಿದ ಗುರೆಳ್ಳು ಪುಡಿ, ಶೇಂಗಾ ಎಣ್ಣೆ ಕಲಸಿ ಹಚ್ಚಬೇಕು. ಕೆಂಡವನ್ನು ಒಂದು ಮಗ್ಗುಲಿಗೆ ಸರಿಸಿ ಕೋಳಿಯನ್ನು ಇನ್ನೊಂದು ಮಗ್ಗುಲಿಗಿಟ್ಟು ಮುಚ್ಚಳ ಹಾಕಬೇಕು. ಕೆಳಗಿನ ಬಾಗಿಲು ಎರಡು ಬೆರಳು, ಮೇಲಿನ ಟೊಪ್ಪಿಗೆ ಒಂದು ಬೆರಳು ತೆರೆದಿರಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಅದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ತೊಡೆಯ ಎಲುಬು ತಿರುಗಿಸಿದರೆ ಸಲೀಸಾಗಿ ಕೈಗೆ ಬರಬೇಕು, ಆಗ ಬೆಂದಂತೆ. ಇಳಿಸಿದ ಕೂಡಲೇ ಕತ್ತರಿಸದೆ ಸ್ವಲ್ಪ ಹೊತ್ತು ಬಿಟ್ಟರೆ ರಸ ಒಳಗೇ ಉಳಿಯುತ್ತದೆ. ಜವಾರಿ ಕೋಳಿಯಾದರೆ ಉರಿ ಇನ್ನೂ ಸಣ್ಣದು, ಹೊತ್ತು ಇನ್ನೂ ಹೆಚ್ಚು.

ಆ ಭಾನುವಾರ ನನ್ನ ಮನೆಯವರು ಮಾತಿಲ್ಲದೆ ಎಲುಬು ಚೀಪಿದರು. ಗಂಡಸರ ಹೊಗಳಿಕೆ ಅಷ್ಟೇ ಇರುತ್ತದೆ. ಮಗಳಿಗೆಂದು ಖಾರ ಕಡಿಮೆ ಹಾಕಿದ ಒಂದು ತೊಡೆ ತೆಗೆದಿಟ್ಟು ಕೋಣೆಗೆ ಒಯ್ದೆ. ಹೆರಿಗೆಗೆ ಮುಂಚೆ ಈ ಕೋಳಿಗಾಗಿ ಜೊಲ್ಲು ಸುರಿಸುತ್ತಿದ್ದವಳು ತಟ್ಟೆ ಸರಿಸಿಬಿಟ್ಟಳು.

"ವಾಸನಿನ ಬ್ಯಾಡವಾ. ತಲಿ ಸಿಡೀತೈತಿ. ವಾಂತಿ ಬಂದಂಗ ಆಗತೈತಿ."

ಮುಖ ನೋಡಿದೆ. ಕೆನ್ನೆ ಕೆಂಪಗೆ ಹೊಳೆಯುತ್ತಿದ್ದವು. ಬಾಣಂತಿ ಕಳೆ ಎಂದರು ನೋಡಲು ಬಂದ ಓಣಿಯ ಹೆಂಗಸರು. ಕಣ್ಣು ಮಾತ್ರ ಎಲ್ಲೋ ಇದ್ದವು. ನಾನು ಹೇಳಿದ ಮಾತು ಅವಳಿಗೆ ತಡವಾಗಿ ಮುಟ್ಟುತ್ತಿತ್ತು. ಅತ್ತೆಯೂ ಹಣೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದರು. ಅವರಿಗೂ ತಲೆನೋವು. "ಯಾರದರೆ ಕಣ್ಣು ಬಿದ್ದೈತಿ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಅದೇ ಪುಟ್ಟಿಯ ಕೆಂಡಕ್ಕೆ ಹಾಕಿದರು. ಮೆಣಸಿನಕಾಯಿ ಸುಟ್ಟ ಘಾಟು ಬರಲಿಲ್ಲವೆಂದು ಅವರಿಗೆ ದೃಷ್ಟಿಯ ಮೇಲೆ ಇನ್ನಷ್ಟು ನಂಬಿಕೆ ಬಂತು. ನನಗೆ ಅಂದು ಬಂದಿತ್ತೋ ಇಲ್ಲವೋ ನೆನಪಿಲ್ಲ. ಕೋಣೆಯಿಂದ ಹೊರಬಂದು ಹಿತ್ತಲ ಗಾಳಿಗೆ ನಿಂತಾಗ ನನ್ನ ತಲೆಯೂ ಜಿಮ್ಮೆಂದದ್ದು ನೆನಪಿದೆ. ಒಲೆಯ ಮುಂದೆ ಬಗ್ಗಿ ಬಗ್ಗಿ ಹೀಗಾಗಿದೆ ಅಂದುಕೊಂಡೆ.

ಮಧ್ಯಾಹ್ನ ಎದ್ದು ಅಂಗಳದ ಬಿಸಿಲಿಗೆ ಬಂದರೆ ಮಗಳ ತಲೆನೋವು ಇಳಿಯುತ್ತಿತ್ತು. ಮರುದಿನ ಎರೆದು ಮಲಗಿಸಿದ ಮೇಲೆ ಮತ್ತೆ ಅದೇ. ನಿತ್ರಾಣ ಎಂದರು ಒಬ್ಬರು, ನಂಜು ಎಂದರು ಇನ್ನೊಬ್ಬರು. ತೊಟ್ಟಿಲು ಮುಗಿಯಲಿ, ಆಸ್ಪತ್ರೆಗೆ ಕರೆದೊಯ್ದು ತೋರಿಸೋಣ ಎಂದುಕೊಂಡೆವು.

ಇನ್ನು ಕೂಸು. ಅದರ ಬಗ್ಗೆ ಬಂದವರೆಲ್ಲ ಆಡುತ್ತಿದ್ದ ಮಾತು ಒಂದೇ: ಎಂಥ ಶಾಂತ ಕೂಸು, ಒಟ್ಟ ಅಳಂಗಿಲ್ಲ! ಕುಳ್ಳಿನ ಹೊಗೆಗೆ ಮನೆ ಎದ್ದು ಕೂರುವ ಹಾಗೆ ಕಿರುಚುತ್ತಿದ್ದ ಕೂಸು ಈಗ ಎರೆದು ಮಲಗಿಸಿದರೆ ಹೊತ್ತು ಇಳಿಯುವ ತನಕ ಮಿಸುಕುತ್ತಿರಲಿಲ್ಲ. ಹಾಲಿಗೆಂದು ಎಬ್ಬಿಸಿದರೆ ಎರಡು ಗುಟುಕು ಎಳೆದು ಮತ್ತೆ ಜಾರುತ್ತಿತ್ತು. ಅತ್ತೆಗೆ ಹೆಮ್ಮೆ. "ನನ್ನ ಕಾವಿಗೆ ಎಂಥಾ ಕೂಸರೆ ನಿದ್ದಿ ಮಾಡಬೇಕು" ಎನ್ನುತ್ತಿದ್ದರು. ನನಗೂ ಹೆಮ್ಮೆಯೇ. ಮನೆಯಲ್ಲಿ ಕೂಸಿದ್ದೂ ಶಬ್ದವಿಲ್ಲವಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೆ ಹೊಗಳಿಕೆಯ ಮಾತನ್ನು ಅನುಮಾನಿಸುವುದು ಯಾರಿಗೆ ಬರುತ್ತದೆ?

ಬೀಗರಿಗೆ ಅನುಕೂಲವಾದ ದಿನ ನೋಡಿ, ತಿಂಗಳು ಕಳೆದ ಮೇಲೆ ತೊಟ್ಟಿಲು ಇಟ್ಟುಕೊಂಡೆವು. ಯಲಬುರ್ಗಿಯಿಂದ ಬೀಗತಿ, ಅಂದರೆ ಅಳಿಯನ ತಾಯಿ, ಮಗನನ್ನೂ ತಮ್ಮ ಕಡೆಯವರನ್ನೂ ಕರೆದುಕೊಂಡು ಬಂದರು. ಮೋಡ ಮುಚ್ಚಿತ್ತು, ಜಿಟಿಜಿಟಿ ಮಳೆ, ಚಳಿಗಾಳಿ. ಅಂದು ಹೋಳಿಗೆ ಊಟ ಮುಗಿಸಿ ಎಲ್ಲರೂ ನಮ್ಮಲ್ಲೇ ಉಳಿದರು. ಮರುದಿನ ನನ್ನ ಕೋಳಿಯ ದಿನ.

ಬೆಳಿಗ್ಗೆಯೇ ಒಲೆ ಹೊತ್ತಿಸಿದೆ. ಅತ್ತೆ ತಾಯಿ ಕೂಸಿಗೆ ಎರೆದು, ಪುಟ್ಟಿ ಹಿಡಿದುಕೊಂಡು ಬಂದರು.

"ಇವತ್ತ ಚಳಿ ಭಾಳ ಐತಿ, ಇನ್ನಷ್ಟು ಹಾಕವಾ."

ಹಾಕಿದೆ. ತುಂಬಿ ತುಳುಕುವಷ್ಟು ಹಾಕಿದೆ. ಮನೆ ತುಂಬ ಮಂದಿ, ಯಾರ ಕಣ್ಣು ಹೇಗೋ ಎಂದು ಅತ್ತೆ ಅಂದು ಒಳಗಿನಿಂದ ಚಿಲಕ ಹಾಕಿಕೊಂಡರು. ಬಾಗಿಲ ಕೆಳಗಿನ ಸಂದಿಯಿಂದ ಗಾಳಿ ಬರುತ್ತದೆಂದು ಹಳೆಯ ಸೀರೆಯೊಂದನ್ನು ಸುತ್ತಿ ಅಲ್ಲಿ ತುರುಕಿದರು. ಇದು ನನಗೆ ಆಮೇಲೆ ತಿಳಿದದ್ದು.

ಕೋಳಿಗಳು ನಾನು ನೆನೆಸಿದ್ದಕ್ಕಿಂತ ಚೆನ್ನಾಗಿ ಬಂದವು. ಚರ್ಮ ಕೆಂಪಗೆ ಗರಿಗರಿ, ಪೇರಲ ಹೊಗೆಯ ಘಮ ಓಣಿಯ ತುದಿಯ ತನಕ. ಇಳಿಸಿ ದೊಡ್ಡ ಬೋಗುಣಿಯಲ್ಲಿಟ್ಟು ಮುಚ್ಚಿ, ಒಲೆ ಆರಿಸಲು ಹೊರಟೆ. ಬೀಗತಿ ಸೆರಗನ್ನು ತಲೆಗೆ ಹೊದ್ದು ಪಕ್ಕದಲ್ಲೇ ನಿಂತಿದ್ದರು. ಅವರು ಮಾತಿನ ಮಲ್ಲಿ, ಎಲ್ಲದಕ್ಕೂ ಒಂದು ಪ್ರಶ್ನೆ.

"ನೀರ ಹೊಡದು ಆರಸಂಗಿಲ್ಲೇನ್ರಿ?"

"ಇಲ್ರಿ ಅಕ್ಕಾರ, ನೀರ ಹಾಕಿದ್ರ ಒಡೀತೈತ್ರಿ. ಕೆಳಗಿಂದೂ ಮ್ಯಾಲಿಂದೂ ಮುಚ್ಚಿದ್ರ ಸಾಕು, ತಾನ ಆರತೈತಿ."

"ಒಳಗ ಗಾಳಿ ಇರತೈತಲ್ರಿ?"

"ಇದ್ದಷ್ಟು ಗಾಳಿ ತಿಂದು ಮುಗಸತೈತ್ರಿ. ಗಾಳಿ ತಿನ್ನಲಾರದ ಬೆಂಕಿ ಎಲ್ಲೈತ್ರಿ?"

ಬೀಗತಿ ನಕ್ಕರು. "ಒಂದ ಇಲಿ ಒಳಗ ಸಿಕ್ಕೊಂಡ್ರ ಹೆಂಗ್ರಿ ಪಾಪ? ಸುಡೂದ ಬ್ಯಾಡ, ದೂರ ಮೂಲ್ಯಾಗ ಕುಂತಿರತೈತಿ ಅಂತ ತಿಳೀರಿ."

"ಎಲ್ಲಿ ಕುಂತ್ರ ಏನ್ರಿ, ಬೆಂಕಿ ಆರೂದಕ್ಕಿಂತ ಮೊದಲ ಅದ ಆರತೈತಿ" ಎಂದು ನಾನೂ ನಕ್ಕೆ.

ನಗುತ್ತಲೇ ಮೇಲಿನ ಟೊಪ್ಪಿಗೆ ತಿರುಗಿಸಿದೆ. ಕೈ ಅಲ್ಲೇ ನಿಂತಿತು. ನಾನು ಆಡಿದ ಮಾತು ನನಗೇ ಕೇಳಿಸಿತು. ತಲೆಯೆತ್ತಿ ನೋಡಿದರೆ ಎದುರಿಗೆ ಬಾಣಂತಿ ಕೋಣೆಯ ಕಿಟಕಿ. ಗಾಜು ಮುಚ್ಚಿತ್ತು. ಒಳಬದಿಗೆ ನೀರಾಡಿ ಮಬ್ಬಾಗಿತ್ತು.

ಓಡಿದೆ. ಬಾಗಿಲು ತಳ್ಳಿದರೆ ತೆರೆಯಲಿಲ್ಲ. "ಅತ್ತೀ, ಬಾಗಲಾ ತಗೀರಿ! ಅತ್ತೀ!" ಬಡಿದೆ. ಮಗಳ ಹೆಸರು ಹಿಡಿದು ಕೂಗಿದೆ. ಒಳಗೆ ಏನೂ ಇಲ್ಲ. ಆ ಒಲೆಯ ಮುಚ್ಚಳ ಮುಚ್ಚಿದ ಮೇಲೆ ಇರುತ್ತಿತ್ತಲ್ಲ, ಅದೇ ಮೌನ. ಪಡಸಾಲೆಯಲ್ಲಿ ಕೂತಿದ್ದ ಗಂಡಸರು ಏನಾಯಿತು ಏನಾಯಿತು ಎಂದು ಎದ್ದರು. ಅವರಿಗೆ ಹೇಳುತ್ತ ನಿಲ್ಲಲು ನನಗೆ ಹೊತ್ತಿರಲಿಲ್ಲ. ಮತ್ತೆ ಹಿತ್ತಲಿಗೆ ಓಡಿ, ಕೆಂಡ ಕೆದಕುವ ಕಬ್ಬಿಣದ ಸಲಾಕೆ ಎತ್ತಿಕೊಂಡು ಕಿಟಕಿಯ ಗಾಜಿಗೆ ಬೀಸಿದೆ. ಗಾಜು ಪುಡಿಯಾಯಿತು. ಒಳಗಿನಿಂದ ಬೆಚ್ಚನೆಯ ಗಾಳಿ ನನ್ನ ಮುಖಕ್ಕೆ ಬಡಿಯಿತು. ಹೊಗೆಯಿಲ್ಲ, ವಾಸನೆಯಿಲ್ಲ. ಕೂಸಿನ ಎಣ್ಣೆಯ ವಾಸನೆ ಅಷ್ಟೇ.

ಅಷ್ಟರಲ್ಲಿ ಅಳಿಯ ಭುಜ ಕೊಟ್ಟು ಬಾಗಿಲು ಮುರಿದಿದ್ದ. ಅತ್ತೆ ಗೋಡೆಗೆ ಒರಗಿ, ಕತ್ತು ವಾಲಿಸಿ ಕೂತಿದ್ದರು. ಮಗಳು ಕಣ್ಣು ಅರೆತೆರೆದಿದ್ದಳು, ಕರೆದರೆ ತಿರುಗಲಿಲ್ಲ. ಮುಖ ಮಾತ್ರ ಕೆಂಪಗೆ, ಚೆಲುವೆಯಾಗಿ ಕಾಣುತ್ತಿದ್ದಳು. ನಾನು ಕೂಸನ್ನು ಕೌದಿಯ ಸಮೇತ ಎಳೆದುಕೊಂಡು ಅಂಗಳಕ್ಕೆ ಬಂದೆ. ಕುಂಚಿಗೆ ಕಿತ್ತೆಸೆದೆ. ಮಳೆಹನಿ ಅದರ ಮುಖದ ಮೇಲೆ ಬಿದ್ದವು. ಕೈ ಎತ್ತಿದರೆ ಕೈ ಕೆಳಗೆ ಬೀಳುತ್ತಿತ್ತು.

"ಅಳು! ಅಳವಾ ನನ್ನವ್ವಾ, ಅಳು!" ಎಂದು ಕೂಗುತ್ತಿದ್ದೆನಂತೆ. ನನಗೆ ಗೊತ್ತಿಲ್ಲ, ಬೀಗತಿ ಆಮೇಲೆ ಹೇಳಿದರು.

ಬೀಗರು ಬಂದಿದ್ದ ಜೀಪಿನಲ್ಲಿ ಎಲ್ಲರನ್ನೂ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಕಿಟಕಿಗಳನ್ನೆಲ್ಲ ತೆರೆದು, ಕೂಸಿನ ಮುಖವನ್ನು ಗಾಳಿಗೆ ಹಿಡಿದು ಕೂತಿದ್ದೆ. ಹನಿ ಗಾಳಿಯೂ ತಾಗಬಾರದೆಂದು ತಿಂಗಳಿಡೀ ಮುಚ್ಚಿಟ್ಟ ಕೂಸು. ದಾರಿಯುದ್ದಕ್ಕೂ ಅದು ಅಳಲಿಲ್ಲ. ಆಸ್ಪತ್ರೆಯಲ್ಲಿ ಮೂವರಿಗೂ ಆಕ್ಸಿಜನ್ ಹಚ್ಚಿದರು. ಮಗಳು ಮೊದಲು ವಾಂತಿ ಮಾಡಿಕೊಂಡಳು, ಆಮೇಲೆ "ಕೂಸು ಎಲ್ಲಿ?" ಎಂದಳು. ನಾನು ಕೂಸಿನ ಕಡೆ ಓಡಿದೆ. ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ನಿಂತೆ. ಎಷ್ಟು ಹೊತ್ತೋ. ಒಮ್ಮೆ ಮುಖ ಸೊಟ್ಟಗೆ ಮಾಡಿತು. ಬಾಯಿ ತೆರೆಯಿತು, ದನಿ ಬರಲಿಲ್ಲ. ಮತ್ತೆ ತೆರೆಯಿತು. ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು. "ಅಳಾಕತ್ತೈತವಾ!" ಎಂದು ಕೂಗುತ್ತ ಮಗಳ ಹತ್ತಿರ ಓಡಿದೆ.

"ಹೊಗಿ ಇಲ್ಲಂತ ಧೈರ್ಯ ಮಾಡೀರಿ ನೀವು" ಎಂದರು ಡಾಕ್ಟರು. "ಇದ್ದಲಿ ಕೆಂಡ ಬಿಡೂ ವಿಷ ಕಣ್ಣಿಗೆ ಕಾಣಂಗಿಲ್ಲ, ಮೂಗಿಗೂ ಬರಂಗಿಲ್ಲ. ಹೊಗಿ ಇದ್ದಿದ್ರ ನೀವ ಎದ್ದು ಕಿಡಕಿ ತಗೀತಿದ್ರಿ." ದೊಡ್ಡವರಿಗೆ ಮುಂದೆ ತೊಂದರೆ ಏನೂ ಉಳಿಯುವುದಿಲ್ಲ, ಕೂಸಿನದು ಮಾತ್ರ ಬೆಳೆಯುತ್ತ ಬೆಳೆಯುತ್ತ ನೋಡಬೇಕು ಎಂದರು. ಕುತ್ತಿಗೆ ನಿಲ್ಲುತ್ತದೋ, ಸದ್ದಿಗೆ ತಿರುಗುತ್ತದೋ, ಮುಖ ಗುರುತು ಹಿಡಿಯುತ್ತದೋ. ಆ ಮಾತು ಹೊತ್ತುಕೊಂಡು ಮನೆಗೆ ಬಂದೆವು. ಬೋಗುಣಿಯ ಕೋಳಿಯನ್ನು ಯಾರೂ ಮುಟ್ಟಿರಲಿಲ್ಲ. ಬೆಕ್ಕು ತಿಂದು ಉಳಿದದ್ದನ್ನು ನಾನೇ ಹೊರಗೆ ಹಾಕಿದೆ.

ಅತ್ತೆಯ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಬೈಯಲೇಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಆದರೆ ಆ ಪುಟ್ಟಿಗೆ ಕೆಂಡ ತುಂಬಿದ ಚಿಮಟಿಗೆ ನನ್ನ ಕೈಯಲ್ಲೇ ಇತ್ತಲ್ಲ, ಯಾರನ್ನು ಬೈಯಲಿ? ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ಕೂಸನ್ನು ಮುಟ್ಟಲಿಲ್ಲ. ಎರೆಯಲು ಕರೆದರೆ, "ನನ್ನ ಕೈ ಬ್ಯಾಡ, ನೀನ ಎರಿ" ಎನ್ನುತ್ತಿದ್ದರು. ಕೂಸಿದ್ದ ಕಡೆಯಿಂದ ದೂರ, ಬಾಗಿಲ ಹತ್ತಿರವೇ ಕೂರುತ್ತಿದ್ದರು. ಒಂದು ದಿನ ನಾನು ಜೋಳ ಹಸನು ಮಾಡುತ್ತಿದ್ದಾಗ ತಾವಾಗಿಯೇ ಮಾತು ತೆಗೆದರು.

"ಐದು ಮಂದಿನ್ನ ಕಾಸೀನವಾ ಬೆಂಕೀಲೆ. ನಿನ್ನ ಮಗಳನ್ನೂ ಕಾಸೀನಿ. ಒಂದಕ್ಕೂ ಹಿಂಗ ಆಗಲಿಲ್ಲ."

"ಆ ಮನ್ಯಾಗ ಮಾಳಗಿಗೆ ಬೆಳಕಿಂಡಿ ಇತ್ತಲ್ರಿ, ಅತ್ತಿ."

ತಾವರಗೇರಾದ ಮಣ್ಣಿನ ಮಾಳಿಗೆಯಲ್ಲಿ, ಸರಿಯಾಗಿ ನಡುಮನೆಯ ಮೇಲೆ, ತೆರೆದ ಕಿಂಡಿಯೊಂದಿತ್ತು. ಮಳೆ ಬಂದರೆ ಮಾತ್ರ ಅದಕ್ಕೆ ತಗಡು ಮುಚ್ಚುತ್ತಿದ್ದರು. ಅತ್ತೆ ತಲೆಯೆತ್ತಿ ನಮ್ಮ ಸ್ಲ್ಯಾಬಿನ ಸೂರು ನೋಡಿದರು.

"ನಾ ಅದು ಬೆಳಕಿಗಂತ ತಿಳಕೊಂಡಿದ್ದೆ" ಎಂದರು.

ನನ್ನ ಸಿಟ್ಟು ಆ ಮಾತಿನೊಂದಿಗೆ ಎಲ್ಲಿ ಹೋಯಿತೋ. ಎದ್ದು ಅವರಿಗೆ ಚಹಾ ಮಾಡಿಕೊಟ್ಟೆ.

ಒಲೆಯನ್ನು ವಾಪಸ್ ಒಯ್ಯುತ್ತೇನೆಂದು ಅಳಿಯ ಬಂದ. ಮುಖ ಸಣ್ಣದು ಮಾಡಿಕೊಂಡಿದ್ದ. ನಾನು ಬಿಡಲಿಲ್ಲ. ಅದೇ ಒಲೆಯ ಮುಂದೆ ನಿಂತಾಗ ನನಗೆ ಬುದ್ಧಿ ಬಂದದ್ದು. ಅದನ್ನು ಈಗಲೂ ಹೊತ್ತಿಸುತ್ತೇನೆ. ಆದರೆ ಆರಿಸುವಾಗ ಆ ಮುಚ್ಚಳದ ಸದ್ದು ಕೇಳಬಾರದೆಂದು ಎರಡೂ ಕೈಯಿಂದ ಹಿಡಿದು ನಿಧಾನಕ್ಕೆ ಇಳಿಸುತ್ತೇನೆ.

ಕೂಸಿಗೆ ಕುತ್ತಿಗೆ ನಿಂತಿತು. ಬೋರಲು ಬಿತ್ತು. ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೆ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. ಎಲ್ಲ ಕೂಸುಗಳೂ ಹಾಗೇ ಎಂದು ನನ್ನ ಮನೆಯವರು ಹೇಳುತ್ತಾರೆ. ಹೇಳಿದ ಮೇಲೆ ತಾವೇ ಇನ್ನೊಂದು ಸಲ ಚಪ್ಪಾಳೆ ತಟ್ಟಿ ನೋಡುತ್ತಾರೆ.

ಮೊನ್ನೆ ಬೀಗತಿ ಯಲಬುರ್ಗಿಯಿಂದ ಬಂದರು. ಮಗಳನ್ನೂ ಕೂಸನ್ನೂ ಗಂಡನ ಮನೆಗೆ ಕರೆದೊಯ್ಯುವ ದಿನ ಗೊತ್ತು ಮಾಡಲು. ನಾನು ಹಿತ್ತಲಲ್ಲಿ ಕೋಳಿಗೆ ಖಾರ ಹಚ್ಚುತ್ತಿದ್ದೆ. ಪಡಸಾಲೆಯಲ್ಲಿ ಕೂಸು ಮಲಗಿತ್ತು. ಎಲ್ಲ ಕಿಟಕಿ ತೆರೆದಿದ್ದವು. ಈಗ ನಮ್ಮ ಮನೆಯಲ್ಲಿ ಧೂಳೂ ಬರುತ್ತದೆ, ಸೊಳ್ಳೆಯೂ ಬರುತ್ತದೆ. ಬೀಗತಿ ಕೂಸಿನ ಪಕ್ಕ ಕೂತು, ಕೆನ್ನೆ ಸವರಿ, ಪ್ರೀತಿಯಿಂದಲೇ ಹೇಳಿದರು:

"ಎಂಥಾ ಶಾಂತ ಕೂಸವಾ! ನಾ ಬಂದಾಗಿಂದ ಒಂದ ಸಲನೂ ಅತ್ತಿಲ್ಲ ನೋಡು."

ನನ್ನ ಕೈಯಲ್ಲಿದ್ದ ಕೋಳಿ ತಟ್ಟೆಗೆ ಬಿತ್ತು. ಕೈ ತುಂಬ ಬ್ಯಾಡಗಿ ಖಾರ. ಕೂಸನ್ನು ಮುಟ್ಟುವ ಹಾಗಿಲ್ಲ. ಹಾಗೆಯೇ ಕೈ ಮೇಲೆತ್ತಿಕೊಂಡು ಪಡಸಾಲೆಗೆ ಓಡಿದೆ. ಮಗಳು ಬಚ್ಚಲಿನಿಂದ ಒದ್ದೆ ಕೂದಲಲ್ಲೇ ಓಡಿಬಂದಳು.

ಅತ್ತೆ ನಮ್ಮಿಬ್ಬರಿಗಿಂತ ಮೊದಲು ಮುಟ್ಟಿದ್ದರು. ಬಾಗಿಲ ಹತ್ತಿರ ಕೂತಿದ್ದವರು ಯಾವಾಗ ಎದ್ದರೋ. ತಿಂಗಳುಗಟ್ಟಲೆ ಆ ಕೂಸಿಗೆ ಬೆರಳು ತಾಗಿಸದಿದ್ದವರು ಅದರ ಕಾಲನ್ನು ಅಂಗೈಯಲ್ಲಿ ಹಿಡಿದು, ಅಂಗಾಲಿಗೆ ಉಗುರಿನಿಂದ ಜೋರಾಗಿ ಚಿವುಟಿದರು.

ಕೂಸು ಮುಖ ಕೆಂಪಗೆ ಮಾಡಿ, ಓಣಿಗೆಲ್ಲ ಕೇಳುವ ಹಾಗೆ ಕಿರುಚಿತು.

"ಅಯ್ಯ, ಮಲಗಿದ ಕೂಸಿನ್ನ ಯಾಕ ಚಿವಟೀರಿ?" ಎಂದು ಬೀಗತಿ ಎತ್ತಿಕೊಳ್ಳಲು ಹೋದರು. ಅತ್ತೆ ಕಾಲು ಬಿಡಲಿಲ್ಲ. ಮಗಳೂ ಎತ್ತಿಕೊಳ್ಳಲಿಲ್ಲ. ನಾನು ಖಾರದ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ನಿಂತೆ. ಅದು ಇನ್ನೂ ಸ್ವಲ್ಪ ಅಳಲಿ ಎಂದು ನಾವು ಮೂವರೂ ಸುಮ್ಮನೆ ಕೇಳುತ್ತಿದ್ದೆವು.